ಸಂಕ ಹೋತು, ಬ್ರಿಜ್ ವಾಶ್ಡ್ ಅವೇ

2021ರ ಜುಲೈ ಮಳೆಯನ್ನು ಯಲ್ಲಾಪುರ ತಾಲ್ಲೂಕಿನವರು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ. ಗಂಗಾವಳಿ ಉಕ್ಕಿ ಗುಳ್ಳಾಪುರದ ಸೇತುವೆಯನ್ನು ಒಯ್ದಿತು. ಕಳಚೆಯಲ್ಲಿ ಗುಡ್ಡ ಜರಿಯಿತು. ಅರಬೈಲು ಘಟ್ಟದಲ್ಲಿ ಹೆದ್ದಾರಿ ಬಂದ್ ಆಯಿತು. ಇಂಥ ಮಳೆಗಾಲದ ಸುದ್ದಿಯನ್ನು ಇಂಗ್ಲಿಷಿನಲ್ಲಿ ಬರೆಯ ಹೊರಟರೆ ಕೆಲವು ವಾಕ್ಯಗಳು ತಾವಾಗಿಯೇ ಬಂದು ಕೂರುತ್ತವೆ: ‘ದ ಬ್ರಿಜ್ ವಾಸ್ ವಾಶ್ಡ್ ಅವೇ’, ‘ದ ವಿಲೇಜ್ ವಾಸ್ ಕಟ್ ಆಫ್’, ‘ದ ಫ್ಯಾಮಿಲೀಸ್ ವರ್ ಮೂವ್ಡ್ ಔಟ್’. ಮೂರರಲ್ಲೂ ಕೆಲಸ ಮಾಡಿದವರು ಯಾರೂ ಇಲ್ಲ. ಹೊಳೆಯ ಹೆಸರಿಲ್ಲ, ಗುಡ್ಡದ ಹೆಸರಿಲ್ಲ, ಜನರನ್ನು ಸಾಗಿಸಿದ ಅಧಿಕಾರಿಯ ಹೆಸರೂ ಇಲ್ಲ. ಆದದ್ದು ಮಾತ್ರ ಇದೆ, ಅದರ ಬೆನ್ನಿಗೆ ಅವೇ, ಆಫ್, ಔಟ್ ಎಂಬ ಒಂದೊಂದು ಪುಟ್ಟ ಪದ ಇದೆ.

ಇದೇ ಸುದ್ದಿಯನ್ನು ಶಿರಸಿ ಪೇಟೆಯಲ್ಲಿ ನಿಂತು ಒಬ್ಬರು ಇನ್ನೊಬ್ಬರಿಗೆ ಹೇಳುವುದು ಎರಡೇ ಪದದಲ್ಲಿ. ‘ಸಂಕ ಹೋತು.’ ಸ್ವಲ್ಪ ವಿವರ ಬೇಕೆಂದರೆ ಕೊಚ್ಚಿಕೊಂಡು ಹೋಯಿತು, ಸಂಪರ್ಕ ಕಡಿದುಹೋಯಿತು. ಇಲ್ಲಿಯೂ ಮಾಡಿದವರಿಲ್ಲ, ಆದದ್ದು ಮಾತ್ರ ಇದೆ. ಆದರೆ ಅದೇ ಊರಿನ ಹತ್ತನೇ ತರಗತಿಯ ಮಗುವಿಗೆ ‘ವಾಸ್ ವಾಶ್ಡ್ ಅವೇ’ ಅಂದರೇನು ಎಂದು ಕೇಳಿ. ಬಹಳ ಮಟ್ಟಿಗೆ ಸಿಗುವ ಉತ್ತರ ‘ಸೇತುವೆಯು ನೀರಿನಿಂದ ತೊಳೆಯಲ್ಪಟ್ಟಿತು’. ಯಾರೋ ಸೋಪು ಹಾಕಿ ಸೇತುವೆ ತೊಳೆದಂತಾಯಿತು! ಮಗುವಿನ ತಪ್ಪಲ್ಲ ಅದು. ಕರ್ಮಣಿ ಪ್ರಯೋಗ ಎಂದರೆ ‘ಇಂದ’ ಮತ್ತು ‘ಲ್ಪಟ್ಟಿತು’ ಎಂದು ನಾವೇ ಕಲಿಸಿದ್ದೇವೆ.

ರಾಮನಿಂದ ರಾವಣನು ಕೊಲ್ಲಲ್ಪಟ್ಟನು. ಕನ್ನಡ ನಾಡಿನಲ್ಲಿ ಶಾಲೆಗೆ ಹೋದವರೆಲ್ಲ ಈ ವಾಕ್ಯವನ್ನು ಹಾದು ಬಂದವರೇ. ಕನ್ನಡ ವ್ಯಾಕರಣದ ಪಾಠದಲ್ಲೂ ಅದೇ, ಇಂಗ್ಲಿಷಿನ ಆ್ಯಕ್ಟಿವ್–ಪ್ಯಾಸಿವ್ ಪಾಠದಲ್ಲೂ ಅದೇ ಅಚ್ಚು. ಒಂದು ತಮಾಷೆ ನೋಡಿ. ನಮ್ಮ ಘಟ್ಟದ ಮೇಲಿನ ಊರುಗಳಲ್ಲಿ ಮಳೆಗಾಲ ಮುಗಿದರೆ ರಾತ್ರಿಯಿಡೀ ಯಕ್ಷಗಾನ, ತಾಳಮದ್ದಲೆ. ಅಲ್ಲಿ ಎಷ್ಟು ರಾಕ್ಷಸರು ಸತ್ತರೂ ಯಾವ ಭೀಮನೂ ‘ದುಶ್ಶಾಸನನು ನನ್ನಿಂದ ಕೊಲ್ಲಲ್ಪಟ್ಟನು’ ಎಂದು ಅರ್ಥ ಹೇಳುವುದಿಲ್ಲ. ಹೇಳಿದರೆ ಸಭೆ ನಗುತ್ತದೆ.

ದ್ರಾವಿಡ ಭಾಷೆಗಳಲ್ಲಿ ಕರ್ಮಣಿಯನ್ನು ಸೂಚಿಸಲೆಂದೇ ಇರುವ ಪ್ರತ್ಯಯ ಇಲ್ಲ ಎಂದು ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ಪ್ರಕಟವಾದ ತನ್ನ ತೌಲನಿಕ ವ್ಯಾಕರಣದಲ್ಲಿ ಬರೆದ. ಆ ಅರ್ಥವನ್ನು ಈ ಭಾಷೆಗಳು ಬೇರೆ ಬೇರೆ ದಾರಿಗಳಲ್ಲಿ ಹೇಳುತ್ತವೆ ಎಂದೂ ಸೇರಿಸಿದ: ಆಗು, ಹೋಗು, ಪಡು, ಉಣ್ಣು, ತಿನ್ನು. ನಾವು ಪೆಟ್ಟು ತಿನ್ನುತ್ತೇವೆ, ಮೋಸ ಹೋಗುತ್ತೇವೆ, ಹಾಳಾಗುತ್ತೇವೆ. ನಮ್ಮ ಹಳೆಯ ವೈಯಾಕರಣರಿಗೆ ಇದು ಕಾಣದೆ ಇರಲಿಲ್ಲ. ಆದರೆ ಅವರ ಕೈಯಲ್ಲಿದ್ದ ಅಳತೆಗೋಲು ಸಂಸ್ಕೃತದ್ದು. 1604ರಲ್ಲಿ ಭಟ್ಟಾಕಳಂಕ ದೇವ ‘ಕರ್ಣಾಟಕ ಶಬ್ದಾನುಶಾಸನ’ ಬರೆದಾಗ ಕನ್ನಡದ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲೇ ಹೇಳಿದ. ಸಂಸ್ಕೃತದಲ್ಲಿ ಕರ್ಮಣಿ ಪ್ರಯೋಗ ದಿನಬಳಕೆಯ ಸಲೀಸು ಸಂಗತಿ, ಅದಕ್ಕೆ ಸಮನಾದದ್ದು ಕನ್ನಡದಲ್ಲಿ ಬೇಕೆಂದಾಗ ‘ಪಡು’ ಮುಂದೆ ಬಂತು. ಆಮೇಲೆ ಇಂಗ್ಲಿಷ್ ಬಂದು ಅದೇ ಅಚ್ಚಿಗೆ ಇನ್ನೊಂದು ಸುತ್ತು ಎರಕ ಹೊಯ್ದಿತು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದು ಇಂಥ ಕಡೆಗಳನ್ನು ನೋಡಿಯೇ. ಅವರ ಎಲ್ಲ ಮಾತನ್ನೂ ಒಪ್ಪಬೇಕಾಗಿಲ್ಲ. ಕನ್ನಡಿಗರ ಬಾಯಲ್ಲಿ ‘ಲ್ಪಡು’ ಇಲ್ಲ ಎಂಬುದನ್ನು ಒಪ್ಪದೆ ದಾರಿಯಿಲ್ಲ.

ಇನ್ನು ಇಂಗ್ಲಿಷಿನ ಕಡೆ ಬರೋಣ. ಕ್ರಿಯಾಪದಕ್ಕೆ ಅಪ್, ಡೌನ್, ಆಫ್, ಔಟ್, ಓವರ್, ಅವೇ ಮೊದಲಾದ ಪುಟ್ಟ ಪದ ಸೇರಿ ಅರ್ಥವೇ ಬೇರೆಯಾದರೆ ಅದನ್ನು ಫ್ರೇಸಲ್ ವರ್ಬ್ ಎನ್ನುತ್ತಾರೆ. ಹೆಸರು ಹೊಸದು. ಲೋಗನ್ ಪಿಯರ್ಸಲ್ ಸ್ಮಿತ್ 1925ರ ತನ್ನ ಪುಸ್ತಕದಲ್ಲಿ ಅದನ್ನು ಬಳಕೆಗೆ ತಂದ. ಸಂಗತಿ ಬಹಳ ಹಳೆಯದು. 1755ರಲ್ಲಿ ಹೊರಬಂದ ತನ್ನ ನಿಘಂಟಿನ ಮುನ್ನುಡಿಯಲ್ಲಿ ಸ್ಯಾಮ್ಯುಯೆಲ್ ಜಾನ್ಸನ್, ಪರದೇಶದವರಿಗೆ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕಷ್ಟ ಕೊಡುವುದು ಈ ಜೋಡಿಗಳೇ ಎಂದು ಒಪ್ಪಿಕೊಂಡಿದ್ದ. ಮೊದಲೇ ಕಷ್ಟವಾದ ಈ ಜೋಡಿ ಕರ್ಮಣಿಗೆ ತಿರುಗಿದಾಗ ನಮ್ಮ ಮಕ್ಕಳಿಗೆ ಎರಡು ಕಷ್ಟ ಒಟ್ಟಿಗೆ ಎದುರಾಗುತ್ತವೆ. ಆದರೆ ನನ್ನ ಮಟ್ಟಿಗೆ ಕಷ್ಟ ದುಪ್ಪಟ್ಟಾಗುವುದಿಲ್ಲ, ಅರ್ಧವಾಗುತ್ತದೆ. ಯಾಕೆಂದರೆ ಈ ಜಾಗದಲ್ಲಿ ಇಂಗ್ಲಿಷ್ ಕನ್ನಡಕ್ಕೆ ತೀರಾ ಹತ್ತಿರ ಬರುತ್ತದೆ.

ಪಡಿತರದ ಪಟ್ಟಿಯಲ್ಲಿ ಹೆಸರು ‘ಬಿಟ್ಟುಹೋಗಿದೆ’. ಇಂಗ್ಲಿಷಿನಲ್ಲಿ ಅದು ‘ಲೆಫ್ಟ್ ಔಟ್’. ಮೇಳದ ಆಟದ ಟಿಕೆಟ್ ಎಲ್ಲ ‘ಮಾರಿಹೋಗಿವೆ’, ‘ಸೋಲ್ಡ್ ಔಟ್’. ಚಪ್ಪಲಿ ‘ಸವೆದುಹೋಗಿದೆ’, ‘ವೋರ್ನ್ ಔಟ್’. ಹುಲ್ಲಿನ ಬಣವೆ ‘ಸುಟ್ಟುಹೋಯಿತು’, ‘ಬರ್ನ್ಟ್ ಡೌನ್’. ಗೋಡೆಯ ಬರಹ ‘ಅಳಿಸಿಹೋಗಿದೆ’, ‘ರಬ್ಡ್ ಔಟ್’. ಯಾರದೋ ಮಾತು ನಂಬಿ ‘ಮೋಸ ಹೋದ’, ‘ಟೇಕನ್ ಇನ್’. ಮಳೆ ನೋಡಿ ನೋಡಿ ‘ರೋಸಿಹೋಗಿದೆ’, ‘ಫೆಡ್ ಅಪ್’. ಇದರಲ್ಲಿ ಬಿಡು, ಮಾರು, ಅಳಿಸು ಇವೆಲ್ಲ ಯಾರಾದರೂ ಮಾಡಲೇಬೇಕಾದ ಕೆಲಸಗಳು. ಮಾರುವವನಿಲ್ಲದೆ ಮಾರಾಟವಿಲ್ಲ. ಆದರೆ ‘ಹೋಗು’ ಬಂದು ಸೇರಿದ ಕೂಡಲೇ ಮಾರುವವನು ಮರೆಗೆ ಸರಿದ, ಟಿಕೆಟ್ ಮಾತ್ರ ಉಳಿಯಿತು. ಇಂಗ್ಲಿಷಿನ ‘ವಾಸ್’ ಮತ್ತು ಬೆನ್ನಿಗಿರುವ ಪುಟ್ಟ ಪದ ಎರಡೂ ಸೇರಿ ಮಾಡುವ ಕೆಲಸವನ್ನು ಕನ್ನಡದ ‘ಹೋಗು’ ಒಂಟಿಯಾಗಿ ಮಾಡುತ್ತದೆ: ಕೆಲಸ ಪೂರಾ ಮುಗಿದದ್ದನ್ನೂ ಹೇಳುತ್ತದೆ, ಮಾಡಿದವರನ್ನು ಬಿಟ್ಟೂ ಬಿಡುತ್ತದೆ.

ಹಾಗಾದರೆ ಕಷ್ಟ ಎಲ್ಲಿ? ನಮಗೆ ಒಂದು ‘ಹೋಗು’ ಇರುವಲ್ಲಿ ಅವರಿಗೆ ಅರ್ಧ ಡಜನ್ ಪುಟ್ಟ ಪದಗಳಿವೆ. ಅವುಗಳಿಗೆ ಪೂರಾ ನಿಯಮವಿಲ್ಲ, ಒಂದು ವಾಸನೆ ಇದೆ. ಆಫ್ ಬಂದರೆ ಕಡಿದು ಬೇರೆಯಾಗುವುದು ಇಲ್ಲವೇ ನಿಲ್ಲುವುದು. ಔಟ್ ಬಂದರೆ ಮುಗಿದು ಖಾಲಿಯಾಗುವುದು, ಹೊರಗುಳಿಯುವುದು. ಡೌನ್ ಬಂದರೆ ನೆಲ ಕಚ್ಚುವುದು. ಅವೇ ಬಂದರೆ ಕಣ್ಣಿಂದ ದೂರಾಗುವುದು. ಓವರ್ ಬಂದರೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವುದು. ಈ ವಾಸನೆ ಹಿಡಿದು ಹೋದರೆ ಹತ್ತರಲ್ಲಿ ಏಳೆಂಟು ಸಲ ಅರ್ಥ ಸಿಗುತ್ತದೆ. ಮಿಕ್ಕವನ್ನು ಕೇಳಿ ಕೇಳಿಯೇ ಕಲಿಯಬೇಕು. ‘ಟೇಕನ್ ಇನ್’ ಎಂದರೆ ಯಾಕೆ ಮೋಸ ಎಂದು ಕೇಳಿದರೆ ಇಂಗ್ಲಿಷರೇ ತಲೆ ಕೆರೆದುಕೊಳ್ಳುತ್ತಾರೆ.

ಹೊಸದಾಗಿ ಕಲಿಯಬೇಕಾದದ್ದು ಕೂಡ ನಾವಂದುಕೊಂಡಷ್ಟಿಲ್ಲ. ಭಾನುವಾರ ಸಂಜೆ ಯಾವುದಾದರೂ ಊರಿನ ಗದ್ದೆಬಯಲಿಗೆ ಹೋಗಿ ನೋಡಿ. ‘ಅಂವ ರನ್ ಔಟ್ ಆದ’, ‘ಅಂವನ್ನ ರನ್ ಔಟ್ ಮಾಡ್ದ’. ಇಂಗ್ಲಿಷಿನ ಕಾಮೆಂಟರಿಯಲ್ಲಿ ಇದೇ ‘ಹಿ ವಾಸ್ ರನ್ ಔಟ್’. ಆ ಹುಡುಗರಿಗೆ ಪ್ಯಾಸಿವ್ ವಾಯ್ಸ್ ಎಂಬ ಪಾಠ ಬೇಕಿಲ್ಲ. ‘ಮಾಡು’ ಹಾಕಿದರೆ ಕರ್ತರಿ, ‘ಆಗು’ ಹಾಕಿದರೆ ಕರ್ಮಣಿ ಎಂಬ ಸೂತ್ರವನ್ನು ಯಾರೂ ಹೇಳಿಕೊಡದೆ ಅವರು ಬಳಸುತ್ತಿದ್ದಾರೆ. ಲೈಟ್ ಆಫ್ ಮಾಡಿದ, ಲೈಟ್ ಆಫ್ ಆಯಿತು. ಫೋನ್ ಸ್ವಿಚ್ ಆಫ್ ಮಾಡಿಟ್ಟಿದ್ದಾನೆ, ಸ್ವಿಚ್ ಆಫ್ ಆಗಿದೆ. ನೆಟ್‌ವರ್ಕ್ ಸಿಗದ ನಮ್ಮ ಕಣಿವೆಗಳಲ್ಲಿ ‘ಸ್ವಿಚ್ಡ್ ಆಫ್’ ಎಂಬ ಕರ್ಮಣಿ ಪ್ರಯೋಗವನ್ನು ಇಂಗ್ಲಿಷ್ ಬಾರದ ಅಜ್ಜಿಯೂ ದಿನಕ್ಕೆ ನಾಲ್ಕು ಸಲ ಕೇಳಿಸಿಕೊಳ್ಳುತ್ತಾಳೆ. ಕೇಳಿದ್ದನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡು ‘ಮಾಣಿ ಫೋನ್ ಬಂದ್ ಇದ್ದು’ ಎನ್ನುತ್ತಾಳೆ.

ಮಳೆಗೆ ಮ್ಯಾಚ್ ನಿಂತರೆ ಬ್ರಿಟನ್ನಿನವರು ‘ರೇನ್ಡ್ ಆಫ್’ ಎನ್ನುತ್ತಾರೆ, ಅಮೆರಿಕದವರು ‘ರೇನ್ಡ್ ಔಟ್’. ಈ ಕ್ರಿಯಾಪದ ಕರ್ಮಣಿಯಲ್ಲೇ ಬದುಕುತ್ತದೆ. ಯಾರೋ ಮ್ಯಾಚನ್ನು ರೇನ್ ಆಫ್ ಮಾಡಿದರು ಎಂದು ಯಾರೂ ಹೇಳುವುದಿಲ್ಲ. ವರ್ಷಕ್ಕೆ ನಾಲ್ಕು ತಿಂಗಳು ಮಳೆ ನೋಡುವ ಸಿದ್ದಾಪುರಕ್ಕೆ ಇದಕ್ಕಿಂತ ಉಪಯೋಗದ ಇಂಗ್ಲಿಷ್ ಇನ್ನೊಂದಿರಲಿಕ್ಕಿಲ್ಲ. ಆದರೂ ನಮ್ಮ ಪಠ್ಯದಲ್ಲಿ ಅದನ್ನು ಕಂಡ ನೆನಪು ನನಗಿಲ್ಲ.

ಬೈ ಎಂದರೆ ‘ಇಂದ’ ಒಂದೇ ಅಲ್ಲ

ಶಾಲೆಯ ಪ್ಯಾಸಿವ್ ಪಾಠದ ಪ್ರಾಣ ಇರುವುದು ‘ಬೈ’ ಎಂಬ ಪದದಲ್ಲಿ. ಕರ್ತೃವನ್ನು ಹಿಂದಕ್ಕೆ ಒಯ್ದು ‘ಬೈ’ ಹಚ್ಚದಿದ್ದರೆ ಅಂಕ ಇಲ್ಲ. ನಿತ್ಯದ ಇಂಗ್ಲಿಷಿನಲ್ಲಿ ಮಾತ್ರ ಬಹುಪಾಲು ಕರ್ಮಣಿ ವಾಕ್ಯಗಳಲ್ಲಿ ‘ಬೈ’ ಇರುವುದೇ ಇಲ್ಲ. ಮಾಡಿದವರು ಯಾರೆಂದು ಗೊತ್ತಿಲ್ಲ, ಅಥವಾ ಎಲ್ಲರಿಗೂ ಗೊತ್ತು, ಅಥವಾ ಹೇಳುವ ಮನಸ್ಸಿಲ್ಲ ಎಂಬಾಗಲೇ ಅವರು ಕರ್ಮಣಿಗೆ ಹೋಗುವುದು. ‘ಐ ವಾಸ್ ಹೆಲ್ಡ್ ಅಪ್ ಅಟ್ ದೇವಿಮನೆ ಘಾಟ್’ ಎಂದವನಿಗೆ ತನ್ನನ್ನು ತಡೆದ ಲಾರಿಯ ನಂಬರು ಹೇಳುವ ಅಗತ್ಯವಿಲ್ಲ.

ಇನ್ನು ‘ಬೈ’ ಇದ್ದಾಗ ಅದನ್ನು ಕನ್ನಡಕ್ಕೆ ತರುವ ದಾರಿ ನಮ್ಮ ಬಾಯಲ್ಲೇ ಇದೆ. ಗಾಳಿಗೆ ಕಂಬ ಬಿತ್ತು. ಮಳೆಗೆ ಧರೆ ಕುಸಿಯಿತು. ಕೊಳೆಗೆ ಅಡಿಕೆಯೆಲ್ಲ ಉದುರಿಹೋಯಿತು. ಈ ಕೊನೆಯದನ್ನು ಇಂಗ್ಲಿಷಿನವರು ‘ದ ಕ್ರಾಪ್ ವಾಸ್ ವೈಪ್ಡ್ ಔಟ್ ಬೈ ಕೊಳೆರೋಗ’ ಎನ್ನುತ್ತಾರೆ. ಗಾಳಿ, ಮಳೆ, ರೋಗ ಮಾಡಿದ್ದಾದರೆ ನಾವು ಹಚ್ಚುವುದು ‘ಗೆ’. ‘ಗಾಳಿಯಿಂದ ಕಂಬವು ಬೀಳಿಸಲ್ಪಟ್ಟಿತು’ ಎಂದರೆ ಅದು ಲೈನ್‌ಮನ್ ಬರೆಯುವ ವರದಿ, ಮನುಷ್ಯರು ಆಡುವ ಮಾತಲ್ಲ. (ಲೈನ್‌ಮನ್ ಕೂಡ ಹಾಗೆ ಬರೆಯಲಾರ, ಪಾಪ.)

ಮನುಷ್ಯರು ಮಾಡಿದ್ದಾದರೆ ದಾರಿ ಇನ್ನೂ ಸೊಗಸು. ‘ಅಕ್ಕೋರ ಹತ್ರ ಬೈಸಿಕೊಂಡ.’ ಇಂಗ್ಲಿಷಿನಲ್ಲಿ ‘ಹಿ ವಾಸ್ ಟೋಲ್ಡ್ ಆಫ್ ಬೈ ದ ಟೀಚರ್’. ಬೈದದ್ದು ಅಕ್ಕೋರು, ಬೈಗಳು ಬಿದ್ದದ್ದು ಮಾಣಿಗೆ, ಆದರೂ ವಾಕ್ಯದ ಯಜಮಾನ ಮಾಣಿ. ಬೈಸಿಕೊಂಡ, ಹೊಡೆಸಿಕೊಂಡ, ಹಿಡಿಸಿಕೊಂಡ, ಹೊರಗೆ ಹಾಕಿಸಿಕೊಂಡ. ಈ ‘ಇಸಿಕೊಳ್ಳು’ ಕರ್ಮಣಿಯಲ್ಲದೆ ಮತ್ತೇನು? ಅದರೊಳಗೆ ಇನ್ನೊಂದು ಸಣ್ಣ ಚುಚ್ಚು ಕೂಡ ಇದೆ: ಬೈಸಿಕೊಂಡವನದ್ದೂ ಏನೋ ತಪ್ಪಿರಬೇಕು. ಇಂಗ್ಲಿಷಿನವರು ಆ ಚುಚ್ಚನ್ನು ಬೇಕೆಂದಾಗ ‘ವಾಸ್’ ಬಿಟ್ಟು ‘ಗಾಟ್’ ಹಿಡಿಯುತ್ತಾರೆ. ‘ಹಿ ಗಾಟ್ ಥ್ರೋನ್ ಔಟ್’, ‘ಹಿ ಗಾಟ್ ಹಿಮ್‌ಸೆಲ್ಫ್ ಥ್ರೋನ್ ಔಟ್’. ಮಾತಿನ ಇಂಗ್ಲಿಷಿನಲ್ಲಿ ‘ಗಾಟ್’ ಎಷ್ಟು ಬರುತ್ತದೆಂದರೆ, ಅದನ್ನು ಕಲಿಸದೆ ಪ್ಯಾಸಿವ್ ಕಲಿಸಿದೆವು ಎನ್ನುವುದು ನನಗೆ ಒಗ್ಗದ ಮಾತು. ನಮ್ಮ ಪ್ರಶ್ನೆಪತ್ರಿಕೆಗಳಿಗೆ ‘ಗಾಟ್’ ಎಂದರೆ ಆಗದು, ಅದು ಅಷ್ಟು ಮರ್ಯಾದಸ್ಥ ಪದವಲ್ಲ ಎಂಬ ಭಾವನೆ.

ಮರ್ಯಾದೆಯ ಮಾತು ಬಂತು. ವಾಕ್ಯದ ಕೊನೆಯಲ್ಲಿ ಪುಟ್ಟ ಪದವೊಂದು ತೂಗಾಡಬಾರದು ಎಂಬ ಮಡಿ ಇಂಗ್ಲಿಷಿನಲ್ಲೂ ಇತ್ತು. 1672ರಲ್ಲಿ ಜಾನ್ ಡ್ರೈಡನ್ ಹಿಂದಿನವರ ಬರಹದಲ್ಲಿ ಅದನ್ನು ದೋಷವೆಂದು ಎತ್ತಿ ತೋರಿಸಿದ. ಆ ಮಡಿಯನ್ನು ಇಂಗ್ಲಿಷರು ಬಿಟ್ಟು ಎಷ್ಟೋ ಕಾಲವಾಯಿತು. ನಮ್ಮ ಮಕ್ಕಳು ಮಾತ್ರ ಅದನ್ನು ಬೇರೆ ಕಾರಣಕ್ಕೆ ಪಾಲಿಸುತ್ತಾರೆ. ‘ಎಲ್ಲರೂ ಅವನನ್ನು ನೋಡಿ ನಕ್ಕರು’ ಎಂಬುದನ್ನು ತಿರುಗಿಸಿ ‘ಹಿ ವಾಸ್ ಲಾಫ್ಡ್’ ಎಂದು ನಿಲ್ಲಿಸುತ್ತಾರೆ. ‘ಅಟ್’ ಬೇಕು. ‘ಅಜ್ಜನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ’ ಎಂಬುದು ‘ಅಜ್ಜ ಈಸ್ ವೆಲ್ ಲುಕ್ಡ್’ ಆಗುತ್ತದೆ. ಹಾಗೆಂದರೆ ಅರ್ಥವೇ ಇಲ್ಲ, ‘ಆಫ್ಟರ್’ ಬೇಕು. ಕನ್ನಡದಲ್ಲಿ ‘ನೋಡಿಕೊಳ್ಳು’ ಎಂಬುದರಿಂದ ‘ಕೊಳ್ಳು’ ಕಿತ್ತರೆ ಬರೀ ‘ನೋಡು’ ಉಳಿಯುತ್ತದಲ್ಲ, ಹಾಗೆಯೇ ಇದು. ಅಜ್ಜನನ್ನು ನೋಡುವುದಕ್ಕೂ ನೋಡಿಕೊಳ್ಳುವುದಕ್ಕೂ ಇರುವ ದೂರ ಊರಲ್ಲಿ ವಯಸ್ಸಾದವರಷ್ಟೇ ಉಳಿದ ಮನೆಗಳಿಗೆ ಚೆನ್ನಾಗಿ ಗೊತ್ತು.

ಕರ್ತರಿಯಲ್ಲಿ ಜೋಡಿಯ ನಡುವೆ ಬೇರೆ ಪದ ನುಸುಳಬಹುದು: ‘ಪುಟ್ ದ ಮೀಟಿಂಗ್ ಆಫ್’. ಕರ್ಮಣಿಗೆ ತಿರುಗಿದ ಕೂಡಲೇ ನಡುವಿನ ಪದ ಮುಂದಕ್ಕೆ ಹೋಗಿ ಜೋಡಿ ಮತ್ತೆ ಒಂದಾಗುತ್ತದೆ: ‘ದ ಮೀಟಿಂಗ್ ವಾಸ್ ಪುಟ್ ಆಫ್’. ಮೂರು ಪದದ ಜೋಡಿಯಾದರೂ ಅಷ್ಟೇ. 1974ರ ಭೂಸುಧಾರಣೆಯಲ್ಲಿ ಕರ್ನಾಟಕದಲ್ಲಿ ಗೇಣಿ ಪದ್ಧತಿ ‘ವಾಸ್ ಡನ್ ಅವೇ ವಿತ್’. ಮೂರೂ ಪದ ಸಾಲಾಗಿ ನಿಲ್ಲುತ್ತವೆ, ಒಂದನ್ನೂ ಬಿಡುವಂತಿಲ್ಲ. ಉಚ್ಚಾರದಲ್ಲೂ ಒಂದು ಸೂಕ್ಷ್ಮ ಇದೆ. ‘ಕಾಲ್ಡ್ ಆಫ್’ ಎನ್ನುವಾಗ ಒತ್ತು ‘ಆಫ್’ ಮೇಲೆ. ‘ಲಾಫ್ಡ್ ಅಟ್’ ಎನ್ನುವಾಗ ಒತ್ತು ‘ಲಾಫ್ಡ್’ ಮೇಲೆ. ಓದಿ ಕಲಿತವರಿಗೆ ಇದು ತಿಳಿಯುವುದಿಲ್ಲ, ಕೇಳಿ ಕಲಿತವರಿಗೆ ಹೇಳಬೇಕಾಗಿಲ್ಲ.

ಎಲ್ಲಕ್ಕೂ ‘ವಾಸ್’ ಬೇಡ

ಕರ್ಮಣಿ ಕಲಿತ ಉತ್ಸಾಹದಲ್ಲಿ ಬೇಡದ ಕಡೆಯೂ ‘ವಾಸ್’ ತುರುಕುವುದು ನಮ್ಮ ಇನ್ನೊಂದು ರೋಗ. ಸಂದರ್ಶನಕ್ಕೆ ಹೋದ ಹುಡುಗ ‘ಐ ವಾಸ್ ಬಾರ್ನ್ ಆ್ಯಂಡ್ ಬ್ರಾಟ್ ಅಪ್ ಇನ್ ಸಿದ್ದಾಪುರ’ ಎಂದರೆ ಸರಿ. ಬ್ರಾಟ್ ಅಪ್ ಎಂದರೆ ಯಾರೋ ಸಾಕಿ ಬೆಳೆಸಿದ್ದು. ‘ಐ ವಾಸ್ ಗ್ರೋನ್ ಅಪ್ ಇನ್ ಸಿದ್ದಾಪುರ’ ಎಂದರೆ ಕೆಟ್ಟಿತು. ಬೆಳೆಯುವುದು ನಾವೇ, ಅದಕ್ಕೆ ‘ಗ್ರೂ ಅಪ್’ ಸಾಕು. ಬಸ್ಸು ‘ಬ್ರೋಕ್ ಡೌನ್’, ‘ವಾಸ್ ಬ್ರೋಕನ್ ಡೌನ್’ ಅಲ್ಲ. ಮಂಗನ ಕಾಯಿಲೆ ‘ಬ್ರೋಕ್ ಔಟ್’, ಅದನ್ನು ಯಾರೂ ಬ್ರೇಕ್ ಮಾಡಿ ಹೊರಗೆ ಬಿಡಲಿಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾಗಿ ಆಮೇಲೆ ಸಿದ್ದಾಪುರವನ್ನೂ ಕಾಡಿದ ಈ ಕಾಯಿಲೆಯ ಬಗ್ಗೆ ಬರೆಯುವವರು ಇದನ್ನು ನೆನಪಿಡಬೇಕು. ಶ್ರದ್ಧಾಂಜಲಿಯ ಸಂದೇಶಗಳಲ್ಲಿ ‘ವಾಸ್ ಪಾಸ್ಡ್ ಅವೇ’ ಎಂದು ಕಂಡಾಗಲಂತೂ ದುಃಖದ ನಡುವೆಯೂ ಕೈ ತಿದ್ದಲು ಹೋಗುತ್ತದೆ. ಹೋದದ್ದು ಅವರೇ, ಯಾರೂ ಕಳಿಸಲಿಲ್ಲ.

ಪರೀಕ್ಷೆ ಬಹಳ ಸರಳ. ಕನ್ನಡದಲ್ಲಿ ಆ ಕೆಲಸಕ್ಕೆ ‘ಯಾರನ್ನು, ಏನನ್ನು’ ಎಂದು ಕೇಳಿ ನೋಡಿ. ಏನನ್ನು ಮುಂದೂಡಿದರು? ಸಭೆಯನ್ನು. ಹಾಗಾದರೆ ‘ವಾಸ್ ಪುಟ್ ಆಫ್’ ಸರಿ. ಏನನ್ನು ಕೆಟ್ಟು ನಿಂತಿತು? ಈ ಪ್ರಶ್ನೆಗೇ ಅರ್ಥವಿಲ್ಲ. ಹಾಗಾದರೆ ‘ವಾಸ್’ ಬೇಡ. ‘ಪಾಸ್ ಔಟ್’ ಎಂಬುದರ ಕತೆ ಬೇರೆ. ನಾವು ಕಾಲೇಜು ಮುಗಿಸಿದ್ದಕ್ಕೆ ಅದನ್ನು ಬಳಸುತ್ತೇವೆ, ಇಂಗ್ಲೆಂಡಿನವರಿಗೆ ಮೊದಲು ಹೊಳೆಯುವುದು ಪ್ರಜ್ಞೆ ತಪ್ಪಿ ಬೀಳುವುದು. ಸೇನೆಯ ತರಬೇತಿ ಮುಗಿಸಿದವರ ಮೆರವಣಿಗೆಗೆ ಅವರಲ್ಲೂ ‘ಪಾಸಿಂಗ್ ಔಟ್’ ಎಂದೇ ಹೆಸರು, ಆದ್ದರಿಂದ ನಮ್ಮದನ್ನು ಶುದ್ಧ ತಪ್ಪು ಎನ್ನಲು ನಾನು ತಯಾರಿಲ್ಲ. ‘ವಾಸ್ ಪಾಸ್ಡ್ ಔಟ್’ ಎನ್ನಬೇಡಿ, ಅಷ್ಟೇ.

ಪುಟ್ ಆಫ್, ಕಾಲ್ಡ್ ಆಫ್ ಮತ್ತು ಬೇಡ್ತಿ

ಈ ಪುಟ್ಟ ಪದಗಳನ್ನು ಬರೀ ಪರೀಕ್ಷೆಯ ಅಂಕಕ್ಕೆ ಕಲಿಯುವ ವಿಷಯ ಎಂದುಕೊಳ್ಳಬಾರದು. ‘ಪುಟ್ ಆಫ್’ ಎಂದರೆ ಮುಂದೂಡಿದ್ದು, ‘ಕಾಲ್ಡ್ ಆಫ್’ ಎಂದರೆ ರದ್ದಾದದ್ದು. ಎರಡಕ್ಕೂ ಬಾಲ ಒಂದೇ, ತಲೆ ಬೇರೆ. ಈ ವ್ಯತ್ಯಾಸ ಏನೆಂದು ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ನಮ್ಮ ಮೂರು ತಾಲ್ಲೂಕುಗಳಿಗೆ ಯಾವ ಮಾಸ್ತರೂ ಹೇಳಬೇಕಾಗಿಲ್ಲ. ಬೇಡ್ತಿ ಹೊಳೆಗೆ ಅಣೆಕಟ್ಟು ಕಟ್ಟುವ ಜಲವಿದ್ಯುತ್ ಯೋಜನೆ 1980ರ ದಶಕದ ಆರಂಭದಲ್ಲಿ ಜನರ ವಿರೋಧಕ್ಕೆ ನಿಂತಿತು. ತೋಟ ಮುಳುಗುವುದಿಲ್ಲ ಎಂದು ಜನ ಉಸಿರು ಬಿಟ್ಟರು, ಯೋಜನೆ ‘ಕಾಲ್ಡ್ ಆಫ್’ ಎಂದುಕೊಂಡರು. ಈಗ ಬೇಡ್ತಿ–ವರದಾ ನದಿ ಜೋಡಣೆಯ ಮಾತು ಎದ್ದು ಶಿರಸಿ, ಯಲ್ಲಾಪುರಗಳಲ್ಲಿ ಮತ್ತೆ ಸಭೆ, ಸಮಾವೇಶ ನಡೆದಿವೆ. ಹೊಳೆಯ ನೀರಿನ ಮೇಲಿನ ಕಣ್ಣು ಅಂದು ‘ಪುಟ್ ಆಫ್’ ಆಗಿತ್ತಷ್ಟೆ.

ಸರಕಾರಿ ಕನ್ನಡದಲ್ಲಿ ಇವೆರಡಕ್ಕೂ ‘ಲಾಗಿದೆ’ ಎಂಬ ಬಟ್ಟೆ ತೊಡಿಸುತ್ತಾರೆ. ಮುಂದೂಡಲಾಗಿದೆ, ಕೈಬಿಡಲಾಗಿದೆ, ಪರಿಶೀಲಿಸಲಾಗುತ್ತಿದೆ, ಕ್ರಮ ಕೈಗೊಳ್ಳಲಾಗುವುದು. ‘ಲ್ಪಡು’ವಿಗಿಂತ ಇದು ವಾಸಿ, ಯಾಕೆಂದರೆ ‘ಸಭೆಯನ್ನು ಮುಂದೂಡಲಾಗಿದೆ’ ಎಂಬಲ್ಲಿ ‘ಸಭೆಯನ್ನು’ ಎಂಬ ರೂಪ ಹಾಗೇ ಉಳಿಯುತ್ತದೆ, ಕನ್ನಡದ ಕಿವಿಗೆ ಅಷ್ಟು ಕಟುವಾಗುವುದಿಲ್ಲ. ಆದರೆ ಮಾಡುವವರನ್ನು ಬಚ್ಚಿಡಲು ಇದಕ್ಕಿಂತ ಒಳ್ಳೆಯ ಗೂಡು ಇನ್ನೊಂದಿಲ್ಲ. ಮುಂದೂಡಿದವರು ಯಾರು? ಪರಿಶೀಲಿಸುತ್ತಿರುವವರು ಯಾರು? ಕರ್ತರಿಯಲ್ಲಿ ಹೇಳಲು ಆಗುವುದನ್ನು ಕರ್ಮಣಿಯಲ್ಲಿ ಹೇಳಬೇಡಿ ಎಂದು ಜಾರ್ಜ್ ಆರ್ವೆಲ್ 1946ರಲ್ಲಿ ಬರೆದದ್ದು ಇಂಗ್ಲಿಷಿನ ಇದೇ ಚಾಳಿಯ ಬಗ್ಗೆ. ‘ದ ಮ್ಯಾಟರ್ ಈಸ್ ಬೀಯಿಂಗ್ ಲುಕ್ಡ್ ಇನ್‌ಟು’ ಎಂಬ ವಾಕ್ಯ ಕಚೇರಿಗಳ ಫೈಲುಗಳಲ್ಲಿ ಎಷ್ಟು ವರ್ಷ ಬೇಕಾದರೂ ಆರಾಮಾಗಿ ಮಲಗಿರಬಲ್ಲದು.

ಕಾಡಿನ ವಿಷಯದಲ್ಲಿ ಈ ಬಚ್ಚಿಡುವಿಕೆ ನಮಗೆ ತುಟ್ಟಿಯಾಗಿತ್ತು. ‘ಟ್ರೀಸ್ ವರ್ ಕಟ್ ಡೌನ್’ ಎಂಬ ವರದಿಯಲ್ಲಿ ಕಡಿದವರಿಲ್ಲ, ಕಡಿಸಿದವರಿಲ್ಲ. ಕಾಡು ತನ್ನಷ್ಟಕ್ಕೆ ಮಲಗಿದಂತೆ ಇರುತ್ತದೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಡೆಯ ಜನ ಕಾಡಿಗೆ ನಡೆದು ಮರಗಳನ್ನು ತಬ್ಬಿ ನಿಂತಾಗ ಕಡಿಯುವವರು ಕಣ್ಣೆದುರೇ ಇದ್ದರು. ಆ ಚಳವಳಿಗೆ ಬಂದ ಹೆಸರು ‘ಅಪ್ಪಿಕೋ’. ಕನ್ನಡದ ‘ಕೊಳ್ಳು’ ಇಷ್ಟು ನೇರವಾಗಿ ಇನ್ನೆಲ್ಲಿಯೂ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಅದರಲ್ಲಿ ಮಾಡುವವರು ಯಾರು ಎಂಬ ಅನುಮಾನವೇ ಇಲ್ಲ, ನೀನೇ ಅಪ್ಪಿಕೋ.

ಹಾಗೆಂದು ಕರ್ಮಣಿಯೆಲ್ಲ ಕಳ್ಳಾಟವೂ ಅಲ್ಲ. ಕೆಲವು ಸಲ ಮಾಡಿದವರ ಹೆಸರು ಹೇಳದೆ ಇರುವುದು ಸೌಜನ್ಯ, ಕೆಲವು ಸಲ ನೋವಿನ ಮೇಲೆ ಹೊದಿಸುವ ತೆಳುವಾದ ವಸ್ತ್ರ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಕಳೆದುಕೊಂಡವರಲ್ಲಿ ನಮ್ಮ ಕಡೆಯ ಮಕ್ಕಳೂ ಇದ್ದಾರೆ. ‘ಐ ವಾಸ್ ಲೇಡ್ ಆಫ್’ ಎನ್ನುವಾಗ ಇಂಗ್ಲಿಷ್ ಒಂದು ಉಪಕಾರ ಮಾಡುತ್ತದೆ. ಫೈರ್ಡ್ ಎಂದರೆ ನನ್ನ ತಪ್ಪಿಗೆ ಹೊರಗೆ ಹಾಕಿದರು, ಲೇಡ್ ಆಫ್ ಎಂದರೆ ಕಂಪನಿಯ ಲೆಕ್ಕಾಚಾರಕ್ಕೆ ಹೋಯಿತು. ಊರಲ್ಲಿ ಅಪ್ಪನಿಗೆ ಫೋನು ಮಾಡಿ ಅದೇ ಮಗ ಹೇಳುವುದು ‘ಅಪ್ಪಯ್ಯಾ, ಕೆಲಸ ಹೋತು’. ಸಂಕ ಹೋದದ್ದಕ್ಕೂ ಕೆಲಸ ಹೋದದ್ದಕ್ಕೂ ಒಂದೇ ‘ಹೋತು’. ಯಾರು ತೆಗೆದರು, ಯಾಕೆ ತೆಗೆದರು ಎಂದು ಅಪ್ಪನೂ ಆ ಹೊತ್ತಿಗೆ ಕೇಳುವುದಿಲ್ಲ. ಆಗಲಿ, ಮನೆಗೆ ಬಾ ಎನ್ನುತ್ತಾನೆ.

ಇಂಗ್ಲಿಷ್ ಕಲಿಸುವ ಮಾಸ್ತರರಲ್ಲಿ, ಅಕ್ಕೋರುಗಳಲ್ಲಿ ಒಂದು ಕೋರಿಕೆ. ಕರ್ತರಿ ವಾಕ್ಯ ಕೊಟ್ಟು ಅದನ್ನು ಕರ್ಮಣಿಗೆ ತಿರುಗಿಸಿ ಎಂಬ ಕಸರತ್ತು ಪರೀಕ್ಷೆಗೆ ಬೇಕಾದರೆ ಇರಲಿ, ಅದನ್ನು ಕೊನೆಗಿಡಿ. ಶುರುವನ್ನು ಮಕ್ಕಳ ಬಾಯಲ್ಲಿರುವ ಕನ್ನಡದಿಂದ ಮಾಡಿ. ಬಿಟ್ಟುಹೋಗಿದೆ, ಮಾರಿಹೋಗಿದೆ, ಬೈಸಿಕೊಂಡ, ರನ್ ಔಟ್ ಆದ ಎಂಬವನ್ನು ಹಲಗೆಯ ಒಂದು ಕಡೆ ಬರೆದು ಅವಕ್ಕೆ ಇಂಗ್ಲಿಷ್ ಜೋಡಿಗಳನ್ನು ಅವರಿಂದಲೇ ಹುಡುಕಿಸಿ. ‘ಬೈ’ ಹಚ್ಚಲೇಬೇಕೆಂದು ಹಟ ಮಾಡಬೇಡಿ. ‘ಗಾಟ್’ ಬಂದರೆ ಅಂಕ ಕಡಿಯಬೇಡಿ. ಮಳೆಗಾಲದಲ್ಲಿ ಶಾಲೆಗೆ ರಜೆ ಕೊಟ್ಟ ದಿನ, ಯಾವ ರಸ್ತೆ ‘ಕಟ್ ಆಫ್’, ಯಾವ ಬಸ್ಸು ‘ಹೆಲ್ಡ್ ಅಪ್’, ಯಾವ ಮ್ಯಾಚ್ ‘ರೇನ್ಡ್ ಆಫ್’ ಎಂದು ನಾಲ್ಕು ಸಾಲು ಬರೆದು ತರಲು ಹೇಳಿ. ಕಾಲುಸಂಕ ದಾಟಿ ಶಾಲೆಗೆ ಬರುವ ಮಕ್ಕಳಿಗೆ ವಸ್ತುವಿನ ಕೊರತೆ ಆಗಲಾರದು.